ಖಾದರ್ ಸಾಹೇಬರೂ ನನ್ನ ಗಿಡ್ಡ ಗಾಡಿಯೂ

ಜುಲೇಖಾಬಿ ನನ್ನ ಹಿಟ್ಟಿನ ಗಿರಣಿಗೆ ಬಂದು ಆ ಮಾತು ಕೇಳಿದ ದಿನ ರಸ್ತೆ ಊರಿನ ಉತ್ತರಕ್ಕೆ, ಕುಂಬಾರರ ಆವಿಗೆಯ ಪಕ್ಕದಲ್ಲಿ ಬಿದ್ದಿತ್ತು. ಹಿಂದಿನ ದಿನ ಅದು ದಕ್ಷಿಣದಲ್ಲಿ, ಹುಣಸೆ ತೋಪಿನ ಆಚೆ ಇತ್ತು. ಪಂಚಾಯಿತಿಯ ಆಳು ಬೆಳಿಗ್ಗೆಯೇ ಬಸ್ ನಿಲ್ದಾಣದ ಕಂಬವನ್ನು ಕಿತ್ತು ಹೆಗಲ ಮೇಲೆ ಹೊತ್ತು ಆವಿಗೆಯ ಕಡೆ ನಡೆದಿದ್ದ. ಅವನ ಹಿಂದೆ ಚಹಾದ ತಳ್ಳುಗಾಡಿ, ಅದರ ಹಿಂದೆ ಹೂವಿನವಳು, ಅವಳ ಹಿಂದೆ ಚೀಲ ಹಿಡಿದ ಪ್ರಯಾಣಿಕರು. ನಮ್ಮೂರಲ್ಲಿ ಇದೊಂದು ದೊಡ್ಡ ವಿಷಯವಲ್ಲ. ನಮ್ಮ ಮನೆಗಳಿಗೆಲ್ಲ ಎರಡು ಮುಂಬಾಗಿಲು. ಮದುವೆ ಕಾಗದದಲ್ಲಿ ದಾರಿ ಬರೆಯುವುದಿಲ್ಲ, ‘ರಸ್ತೆ ಇದ್ದ ಕಡೆಯಿಂದ ದಯಮಾಡಿಸಿ’ ಎಂದು ಅಚ್ಚು ಹಾಕಿಸುತ್ತೇವೆ. ರಸ್ತೆ ಬಿಟ್ಟು ಹೋದ ಮೈಲಿಗಲ್ಲುಗಳು ಹೊಲದಲ್ಲಿ ಅಲ್ಲಲ್ಲಿ ನಿಂತಿರುತ್ತವೆ, ಎಮ್ಮೆಗಳಿಗೆ ಮೈ ಉಜ್ಜಿಕೊಳ್ಳಲು ಅನುಕೂಲ.

ಹಿಂದೊಮ್ಮೆ ಸರ್ವೇ ಇಲಾಖೆಯವರು ನಮ್ಮೂರಿನ ನಕ್ಷೆ ಬರೆಯಲು ಬಂದಿದ್ದರು. ಒಂದೂವರೆ ವರ್ಷ ಇದ್ದರು. ಕೊನೆಗೆ ಕಾಗದಗಳನ್ನೆಲ್ಲ ಕಟ್ಟಿಕೊಂಡು ಹೋಗುವಾಗ ತಮ್ಮ ಪುಟ್ಟ ಫೋರ್ ವೀಲ್ ಡ್ರೈವ್ ಗಾಡಿಯನ್ನು ಹರಾಜಿಗಿಟ್ಟರು. ಎರಡೇ ಬಾಗಿಲು, ಗಿಡ್ಡ ಮೂತಿ, ಪಾಚಿ ಬಣ್ಣ, ಹಿಂದೆ ಒಂದು ಬೆಂಚಿನಂಥ ಸೀಟು. ಕೂಗಿದವಳು ನಾನೊಬ್ಬಳೇ. ಗಿರಣಿ ನಡೆಸುವ ಹೆಂಗಸಿಗೆ ಇದೆಲ್ಲ ಯಾಕೆ ಎಂದು ಜನ ನಕ್ಕರು. ಮದುವೆ ಆಗಲಿಲ್ಲ, ಊರು ಬಿಟ್ಟು ಹೋಗಲಿಲ್ಲ, ದಿನವೆಲ್ಲ ಬೆಲ್ಟಿನ ಸದ್ದು ಕೇಳುತ್ತ ಕೂತವಳಿಗೆ ಒಂದು ಸಲ ಮನಸ್ಸಿಗೆ ಬಂದ ಕಡೆ ಹೋಗಬೇಕು ಅನ್ನಿಸಿತ್ತು, ಅಷ್ಟೆ.

ಆ ಗಾಡಿಯಲ್ಲಿ ಗೇರಿನ ಕೋಲಿನ ಪಕ್ಕ ಇನ್ನೊಂದು ಚಿಕ್ಕ ಕೋಲು ಇತ್ತು. ಅದನ್ನು ಎಳೆದರೆ ನಾಲ್ಕು ಚಕ್ರಕ್ಕೂ ಬಲ ಬರುತ್ತದೆ, ಇನ್ನೊಂದಿಷ್ಟು ಎಳೆದರೆ ಗಾಡಿ ಆಮೆಯಂತೆ ನಿಧಾನವಾಗಿ, ಆನೆಯಂತೆ ಬಲವಾಗಿ ನಡೆಯುತ್ತದೆ. ಇದನ್ನು ನನಗೆ ಯಾರೂ ಕಲಿಸಲಿಲ್ಲ. ಬಿದ್ದು, ಹೂತು, ಎತ್ತು ಕಟ್ಟಿ ಎಳೆಸಿಕೊಂಡು ಕಲಿತೆ. ಮರಳಿನಲ್ಲಿ ಹೋಗುವ ಮೊದಲು ಟೈರಿನ ಗಾಳಿ ಇಳಿಸಬೇಕು. ಸ್ಟೀರಿಂಗ್ ಹಿಡಿಯುವಾಗ ಹೆಬ್ಬೆರಳು ಒಳಗೆ ಸುತ್ತಬಾರದು, ಕಲ್ಲಿಗೆ ಚಕ್ರ ಬಡಿದಾಗ ಸ್ಟೀರಿಂಗ್ ಗಿರ್ರನೆ ತಿರುಗಿ ಬೆರಳು ಮುರಿಯುತ್ತದೆ. ನನ್ನ ಎಡ ಹೆಬ್ಬೆರಳು ಇವತ್ತಿಗೂ ಪೂರ್ತಿ ಮಡಚುವುದಿಲ್ಲ. ಆದರೆ ಆರು ತಿಂಗಳಲ್ಲಿ ರಸ್ತೆ ಎಲ್ಲಿದೆ ಎಂದು ಕೇಳುವುದನ್ನೇ ಬಿಟ್ಟೆ. ರಸ್ತೆ ಎಲ್ಲಿಗಾದರೂ ಹೋಗಲಿ, ಗುಡ್ಡ, ಹೊಳೆ, ಬಂಡೆ ಇದ್ದಲ್ಲೇ ಇರುತ್ತಿದ್ದವು. ನಾನು ಅವುಗಳನ್ನು ನೋಡಿಕೊಂಡು ಓಡಿಸುತ್ತಿದ್ದೆ.

ಇನ್ನು ಖಾದರ್ ಸಾಹೇಬರ ವಿಷಯ. ಅವರು ಜುಲೇಖಾಬಿಯ ಗಂಡ, ಮೂವತ್ತೊಂದು ವರ್ಷ ಬ್ರೇಕ್ ಇನ್ಸ್‌ಪೆಕ್ಟರ್ ಆಗಿದ್ದವರು. ಲೈಸೆನ್ಸಿಗೆ ಪರೀಕ್ಷೆ ಮಾಡುತ್ತಿದ್ದವರೂ ಅವರೇ. ನನ್ನನ್ನು ಮೂರು ಸಲ ಫೇಲು ಮಾಡಿದ್ದರು. ಮೂರನೇ ಸಲ ಏನಾಯಿತೆಂದರೆ, ಪರೀಕ್ಷೆಯ ನಡುವೆಯೇ ರಸ್ತೆ ಹೊರಳಿ ಪಶ್ಚಿಮಕ್ಕೆ ಮುಖ ಮಾಡಿತು. ನಾನು ಚಿಕ್ಕ ಕೋಲು ಎಳೆದು, ಬದುವಿನ ಮೇಲೆ ಹತ್ತಿಸಿ, ಹೊಲ ದಾಟಿ ಅವರು ಹೇಳಿದ್ದ ಜಾಗಕ್ಕೆ ಸರಿಯಾಗಿ ತಂದು ನಿಲ್ಲಿಸಿದೆ. ಸಾಹೇಬರು ಕೆಳಗಿಳಿದು ಪ್ಯಾಂಟಿಗೆ ಅಂಟಿದ ಉತ್ತರಾಣಿ ಕಡ್ಡಿಗಳನ್ನು ಒಂದೊಂದಾಗಿ ಕಿತ್ತರು. ಆಮೇಲೆ ಹೇಳಿದರು:

“ಏನಮ್ಮ, ವಾಹನ ಇರೋದು ರಸ್ತೆ ಮೇಲೆ ಹೋಗೋಕೆ. ರಸ್ತೆ ತಿರುಗಿದರೆ ನೀನೂ ತಿರುಗಬೇಕು. ಅದು ತಿರುಗಿ ಬರೋವರೆಗೆ ಕಾಯಬೇಕು. ರಸ್ತೆ ಬಿಟ್ಟವರಿಗೆ ನಾನು ಪಾಸು ಕೊಡಲ್ಲ.”

ಅವರು ನಿವೃತ್ತರಾದ ಮೇಲೆ ಬಂದವರು ನನ್ನನ್ನು ಐದು ನಿಮಿಷದಲ್ಲಿ ಪಾಸು ಮಾಡಿದರು. ಆದರೂ ಸಾಹೇಬರ ಮೇಲಿನ ಸಿಟ್ಟು ಹೋಗಿರಲಿಲ್ಲ. ಎದುರಿಗೆ ಸಿಕ್ಕರೆ ನಾನು ಮುಖ ತಿರುಗಿಸುತ್ತಿದ್ದೆ.

ಜುಲೇಖಾಬಿ ಅವತ್ತು ಗೋಧಿಯ ಡಬ್ಬಿ ಕೆಳಗಿಟ್ಟು, ಉಳಿದವರೆಲ್ಲ ಹೋಗುವವರೆಗೆ ಮೂಲೆಯಲ್ಲಿ ಕಾದರು. ಅರವತ್ತು ದಾಟಿದ, ಗಟ್ಟಿ ಮೈಕಟ್ಟಿನ ಹೆಂಗಸು. ಗಿರಣಿ ನಿಲ್ಲಿಸಿದ ಮೇಲೆ ಹೇಳಿದರು:

“ಪದ್ದಕ್ಕ, ಇವರಿಗೆ ಮೂತ್ರಪಿಂಡ ಎರಡೂ ಹೋಗಿವೆ. ವಾರಕ್ಕೆ ಎರಡು ಸಲ ಹೊಳೆಯಾಚೆಯ ಪಟ್ಟಣದಲ್ಲಿ ರಕ್ತ ತೊಳೆಸಬೇಕು. ಮಂಗಳವಾರ, ಶನಿವಾರ. ಬಸ್ಸಿನಲ್ಲಿ ಹೋದರೆ ರಸ್ತೆ ಒಂದು ದಿನ ಒಂದು ಗಂಟೆ ಮಾಡುತ್ತೆ, ಒಂದು ದಿನ ಆರು ಗಂಟೆ. ಈ ತಿಂಗಳು ಮೂರು ಸಲ ನಾವು ಮುಟ್ಟೋ ಹೊತ್ತಿಗೆ ಮೆಷಿನ್ನು ಬೇರೆಯವರಿಗೆ ಕೊಟ್ಟುಬಿಟ್ಟಿದ್ದರು.”

“ಸಾಹೇಬರು ನನ್ನ ಗಾಡಿ ಹತ್ತುತ್ತಾರಾ, ಚಾಚಿ?”

“ನಾನು ನಿನ್ನ ಹತ್ತಿರ ಬಂದಿರೋದು ಅವರಿಗೆ ಗೊತ್ತಿಲ್ಲ,” ಎಂದರು. ಆಮೇಲೆ ಸೆರಗಿನಿಂದ ಗಿರಣಿಯ ಕಟ್ಟೆಯ ಮೇಲಿದ್ದ ಹಿಟ್ಟು ಒರೆಸತೊಡಗಿದರು. ಅದು ನಾನು ದಿನಾ ಒರೆಸುವ ಕಟ್ಟೆ. ಅವರ ಕೈಗೆ ಏನಾದರೂ ಕೆಲಸ ಬೇಕಿತ್ತು ಅಂತ ಕಾಣುತ್ತದೆ. ನಾನು ಇಲ್ಲ ಅನ್ನಲಾರದೆ ಹೋದೆ.

ಮೊದಲ ದಿನ ಸಾಹೇಬರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದರು. ಗಾಡಿಯ ಸುತ್ತ ಒಂದು ಸುತ್ತು ಬಂದು, ಪ್ರತಿ ಟೈರಿಗೂ ಬೂಟಿನಿಂದ ಒಂದು ಒದೆ ಕೊಟ್ಟು, ಮುಂದಿನ ಸೀಟಿನಲ್ಲಿ ಕೂತರು. ಜುಲೇಖಾಬಿ ಬುತ್ತಿ, ನೀರು, ದಿಂಬು ಇಟ್ಟುಕೊಂಡು ಹಿಂದೆ ಕೂತರು. ಊರಿನಿಂದ ಆಸ್ಪತ್ರೆಗೆ ರಸ್ತೆ ಬಿಟ್ಟು ನೆಲದ ಮೇಲೆ ಹತ್ತೊಂಬತ್ತು ಕಿಲೋಮೀಟರು. ಬೋಳುಗುಡ್ಡ ಹತ್ತಿ ಇಳಿದು, ಹುಲ್ಲುಗಾವಲು ದಾಟಿ, ಹೊಳೆಯ ಕಲ್ಲುಹಾಸಿನ ಜಾಗದಲ್ಲಿ ನೀರಿಗಿಳಿದು ಆಚೆ ಹತ್ತಬೇಕು. ದಾರಿಯುದ್ದಕ್ಕೂ ಸಾಹೇಬರು ಮುಂದಿನ ಹಿಡಿಯನ್ನು ಬಿಡಲಿಲ್ಲ, ಬಾಯಿಯನ್ನೂ ಮುಚ್ಚಲಿಲ್ಲ.

“ಇಂಡಿಕೇಟರ್ ಹಾಕು.”

“ಯಾರಿಗೆ, ಸಾಹೇಬ್ರೇ? ಇಲ್ಲಿ ಇರೋದು ಕುರಿ.”

“ಕುರಿಗೂ ಗೊತ್ತಾಗಲಿ.”

ನಾನು ಹಾಕಿದೆ. ಹಿಂದೆ ಜುಲೇಖಾಬಿ ಸೆರಗು ಬಾಯಿಗಿಟ್ಟುಕೊಂಡು ನಕ್ಕಿದ್ದು ಕನ್ನಡಿಯಲ್ಲಿ ಕಾಣಿಸಿತು. ಬೋಳುಗುಡ್ಡದ ಇಳಿಜಾರಿನಲ್ಲಿ ನಾನು ಬ್ರೇಕಿನಿಂದ ಕಾಲು ತೆಗೆದು ಸಣ್ಣ ಗೇರಿನಲ್ಲೇ ಗಾಡಿಯನ್ನು ಬಿಟ್ಟಾಗ ಅವರ ಮುಖ ಬೂದಿಯಂತಾಯಿತು. “ಬ್ರೇಕ್ ಒತ್ತಮ್ಮ!” ಎಂದು ಕೂಗಿದರು. “ಒತ್ತಿದರೆ ಚಕ್ರ ನಿಂತು ಗಾಡಿ ಜಾರುತ್ತೆ. ಇಂಜಿನ್ನೇ ಹಿಡ್ಕೊಂಡು ಇಳಿಸುತ್ತೆ, ನೀವು ಕಿವಿಗೊಟ್ಟು ಕೇಳಿ,” ಎಂದೆ. ಅವರು ಕೇಳಿದರು. ಇಂಜಿನ್ನು ಗೊಣಗುತ್ತ ಹೆಜ್ಜೆ ಹೆಜ್ಜೆಯಾಗಿ ಇಳಿಯಿತು. ಮುಂದಿನ ಶನಿವಾರ ಅದೇ ಇಳಿಜಾರಿನಲ್ಲಿ ಅವರು ಕಣ್ಣು ಮುಚ್ಚಿ ಕಿವಿ ಆ ಕಡೆ ಕೊಟ್ಟು ಕೂತಿದ್ದನ್ನು ನೋಡಿದೆ.

ಹೀಗೆ ನಾಲ್ಕು ತಿಂಗಳು ನಡೆಯಿತು. ಸೂಜಿ ಚುಚ್ಚುವ ಎಡಗೈಯನ್ನು ಸಾಹೇಬರು ಮಗುವಿನಂತೆ ತೊಡೆಯ ಮೇಲೆ ಮಲಗಿಸಿಕೊಂಡು ಬರುತ್ತಿದ್ದರು. ಹಿಂದಿರುಗುವಾಗ ಸುಸ್ತಾಗಿ ನಿದ್ದೆ ಹೋಗುತ್ತಿದ್ದರು. ನಾನು ಕಲ್ಲು ತಪ್ಪಿಸಿ ತಪ್ಪಿಸಿ, ಹತ್ತೊಂಬತ್ತು ಕಿಲೋಮೀಟರನ್ನು ಇಪ್ಪತ್ತೈದು ಮಾಡಿ ಮೆತ್ತಗೆ ಓಡಿಸುತ್ತಿದ್ದೆ. ಸಿಟ್ಟು ಯಾವಾಗ ಹೋಯಿತೋ ನನಗೇ ತಿಳಿಯಲಿಲ್ಲ. ಆದರೆ ಅವರು ತಮ್ಮ ಮಾತು ಮಾತ್ರ ಬಿಟ್ಟಿರಲಿಲ್ಲ. ದೂರದಲ್ಲೆಲ್ಲೋ ರಸ್ತೆ ಕಪ್ಪಗೆ ಕಂಡರೆ ಸಾಕು, “ನೋಡು, ಇವತ್ತು ಅಲ್ಲಿದೆ. ಅದರ ಮೇಲೆ ಹೋಗಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು,” ಎನ್ನುತ್ತಿದ್ದರು. ಹುಟ್ಟಿದೂರಿನ ಕಡೆ ನೋಡುವವರ ಹಾಗೆ ಅದನ್ನು ನೋಡುತ್ತಿದ್ದರು.

ಆ ವರ್ಷದ ಮಳೆ ಮೇಲಿನ ಗುಡ್ಡಗಳಲ್ಲಿ ನಾಲ್ಕು ದಿನ ಬಿಡದೆ ಸುರಿಯಿತು. ಶನಿವಾರ ಹೊಳೆ ಕಲ್ಲುಹಾಸಿನ ಮೇಲೆ ಆಳೆತ್ತರ ಹರಿಯುತ್ತಿತ್ತು. ನಾನು ನೀರಿನ ಅಂಚಿಗೆ ಹೋಗಿ ನೋಡಿ ಗಾಡಿ ತಿರುಗಿಸಿದೆ. ಬಸ್ಸೂ ಬರಲಿಲ್ಲ. ಮಂಗಳವಾರ ಬೆಳಿಗ್ಗೆ ನಾನು ಅವರ ಮನೆಗೆ ಹೋದಾಗ ಸಾಹೇಬರು ಗೋಡೆಗೆ ದಿಂಬು ಒರಗಿಸಿ ಕೂತಿದ್ದರು. ಮಲಗಿದರೆ ಉಸಿರು ಸಿಗುತ್ತಿರಲಿಲ್ಲ. ಮುಖ ಊದಿ ಕಣ್ಣು ಸಣ್ಣಗಾಗಿದ್ದವು, ಪಾದ ಒತ್ತಿದರೆ ಗುಳಿ ಬೀಳುತ್ತಿತ್ತು. ಜುಲೇಖಾಬಿ ಆಸ್ಪತ್ರೆಗೆ ಫೋನು ಮಾಡಿದ್ದರು. ಎರಡು ಗಂಟೆಯೊಳಗೆ ಕರೆದುಕೊಂಡು ಬನ್ನಿ, ತಡ ಮಾಡಬೇಡಿ ಎಂದು ನರ್ಸು ಹೇಳಿದ್ದಳು.

ಅವತ್ತೇ ರಸ್ತೆ ಅವರ ಮನೆಯ ಮುಂದೆ ಬಂದು ಬಿದ್ದಿತ್ತು. ಅಷ್ಟು ನೆಟ್ಟಗೆ, ಅಷ್ಟು ನುಣುಪಾಗಿ ಅದನ್ನು ನಾನು ಎಂದೂ ನೋಡಿರಲಿಲ್ಲ. ಪೂರ್ವಕ್ಕೆ ಹಾಸಿದ ಹಾಗೆ ಹೋಗಿತ್ತು. ಎರಡೂ ಬದಿಗೆ ಬಿಳಿ ಗೆರೆ, ದೂರದಲ್ಲಿ ಸೇತುವೆಯ ಕಮಾನು ಸಹ ಕಾಣುತ್ತಿತ್ತು.

“ರಸ್ತೇಲೇ ಹೋಗೋಣಮ್ಮ,” ಎಂದರು ಸಾಹೇಬರು. ಎರಡು ಮಾತಿನ ನಡುವೆ ನಾಲ್ಕು ಸಲ ಉಸಿರೆಳೆದರು. “ಇವತ್ತು ನನಗೆ ಕುಲುಕಾಟ ಆಗಲ್ಲ.”

ನನಗೆ ಮನಸ್ಸಿರಲಿಲ್ಲ. ಆದರೆ ಅವರ ಎದೆ ಏರಿಳಿಯುವುದನ್ನು ನೋಡಿ ಬೋಳುಗುಡ್ಡದ ಕಲ್ಲುಗಳನ್ನು ನೆನೆದು ಒಪ್ಪಿದೆ. ಕಲ್ಲುಹಾಸಿನ ನೀರು ಇಳಿದಿದೆಯೋ ಇಲ್ಲವೋ ಅದೂ ಗೊತ್ತಿರಲಿಲ್ಲ. ರಸ್ತೆಯ ಮೇಲೆ ಹತ್ತಿಸಿದೆ.

ಇಪ್ಪತ್ತು ನಿಮಿಷ ಗಾಡಿ ನೀರಿನ ಮೇಲೆ ತೇಲಿದಂತೆ ಹೋಯಿತು. ಸಾಹೇಬರ ಮುಖದಲ್ಲಿ ಒಂದಿಷ್ಟು ನೆಮ್ಮದಿ ಬಂತು. ಸೇತುವೆ ಹತ್ತಿರವಾಯಿತು, ಅದರ ಕಂಬಿಗಳನ್ನು ಎಣಿಸಬಹುದಿತ್ತು. ಆಗ ಏನೂ ಸದ್ದಾಗಲಿಲ್ಲ, ಏನೂ ಅಲುಗಲಿಲ್ಲ. ಎಡಕ್ಕಿದ್ದ ಬೋಳುಗುಡ್ಡ ಬಲಕ್ಕೆ ಬಂತು, ಕಣ್ಣಿಗೆ ಹೊಡೆಯುತ್ತಿದ್ದ ಬಿಸಿಲು ಬೆನ್ನಿಗೆ ಬಂತು. ಸೇತುವೆ ಇರಲಿಲ್ಲ. ರಸ್ತೆ ನಮ್ಮನ್ನು ಹೊತ್ತುಕೊಂಡೇ ಹೊರಳಿತ್ತು. ಮುಂದೆ ಅದು ಪಶ್ಚಿಮಕ್ಕೆ, ನಾವು ಎಂದೂ ಹೋಗದ ಬಯಲಿನ ಕಡೆ, ಅಷ್ಟೇ ನೆಟ್ಟಗೆ, ಅಷ್ಟೇ ನುಣುಪಾಗಿ ಹೋಗುತ್ತಿತ್ತು.

ನಾನು ಗಾಡಿ ನಿಲ್ಲಿಸಿದೆ. ನಾನು ಒಂದು ಮಾತು ಹೇಳಬಹುದಿತ್ತು, ಹಳೆಯ ಪರೀಕ್ಷೆಯನ್ನು ನೆನಪಿಸಬಹುದಿತ್ತು. ಅದರ ಬದಲು ಚಿಕ್ಕ ಕೋಲಿನ ಮೇಲೆ ಕೈ ಇಟ್ಟು ಕಾದೆ. ಸಾಹೇಬರು ಗಾಜಿನಾಚೆ ಡಾಂಬರನ್ನೇ ನೋಡುತ್ತಿದ್ದರು. ಮೂವತ್ತೊಂದು ವರ್ಷ ಅದರ ಪರವಾಗಿ ವಾದಿಸಿದ್ದ ಮನುಷ್ಯ. ಹಿಂದಿನಿಂದ ಜುಲೇಖಾಬಿ ಅವರ ಭುಜದ ಮೇಲೆ ಕೈ ಇಟ್ಟರು.

“ಇಳಿಸಮ್ಮ,” ಎಂದರು ಸಾಹೇಬರು.

ಚಿಕ್ಕ ಕೋಲು ಎಳೆದು ಬಲಕ್ಕೆ ಇಳಿಸಿದೆ. ಬೋಳುಗುಡ್ಡವನ್ನು ಗುರುತಿಟ್ಟುಕೊಂಡು ಹೊಳೆಯ ದಿಕ್ಕಿಗೆ ಹೊರಟೆ. ಅದು ನಾನು ಎಂದೂ ತುಳಿಯದ ನೆಲ. ಕರಿಮಣ್ಣು, ಮುಳ್ಳುಕಂಟಿ, ಮಳೆ ಕೊರೆದ ಸೀಳುಗಳು. ಪ್ರತಿ ಸೀಳಿನಲ್ಲೂ ಸಾಹೇಬರ ತಲೆ ತೂಗಾಡುತ್ತಿತ್ತು. ಜುಲೇಖಾಬಿ ಹಿಂದಿನಿಂದ ಎರಡೂ ಕೈ ಚಾಚಿ ಅವರ ತಲೆಯನ್ನು ಬಿಗಿಯಾಗಿ ಹಿಡಿದುಕೊಂಡೇ ಬಂದರು. ಅರ್ಧ ಗಂಟೆಯ ಮೇಲೆ ಹೊಳೆ ಸಿಕ್ಕಿತು. ಅಲ್ಲಿ ಅದು ಅಗಲವಾಗಿ, ಕೆಂಪಗೆ ಹರಿಯುತ್ತಿತ್ತು. ಆಳ ಎಷ್ಟೋ ತಿಳಿಯುವಂತಿರಲಿಲ್ಲ. ಗೊತ್ತಿಲ್ಲದ ನೀರಿಗೆ ಗಾಡಿ ಇಳಿಸುವ ಮೊದಲು ಒಬ್ಬರು ಕೋಲು ಹಿಡಿದು ನಡೆದು ನೋಡಬೇಕು. ನಾನು ಚಪ್ಪಲಿ ಬಿಡತೊಡಗಿದೆ.

“ನೀನು ಕೂತ್ಕೋ. ನೀನು ಹೋಗಿಬಿಟ್ಟರೆ ಓಡಿಸೋರು ಯಾರು?” ಎಂದು ಹೇಳುತ್ತ ಜುಲೇಖಾಬಿ ಆಗಲೇ ಹಿಂಬದಿಯಿಂದ ಇಳಿದಿದ್ದರು. ಸೀರೆಯನ್ನು ಮೊಣಕಾಲಿನ ಮೇಲಕ್ಕೆ ಕಟ್ಟಿ, ಒಂದು ಜಾಲಿ ಕೊಂಬೆ ಹಿಡಿದು ನೀರಿಗಿಳಿದರು. ನೀರು ಮೊಣಕಾಲಿಗೆ ಬಂತು, ತೊಡೆಗೆ ಬಂತು. ಒಮ್ಮೆ ಜಾರಿ ಸೊಂಟದವರೆಗೆ ಮುಳುಗಿದರು. ಸಾಹೇಬರು ಮುಂದಿನ ಹಿಡಿಯನ್ನು ಹಿಡಿದು ಸೀಟಿನಿಂದ ಅರ್ಧ ಎದ್ದರು. ಕೂಗಲು ಅವರಿಗೆ ಉಸಿರಿರಲಿಲ್ಲ. ಜುಲೇಖಾಬಿ ಎದ್ದು ನಿಂತು ಸ್ವಲ್ಪ ಮೇಲ್ಗಡೆಗೆ ಸರಿದು ಆಚೆ ದಡ ಮುಟ್ಟಿದರು. ಅಲ್ಲಿಂದ ತಮ್ಮ ತೊಡೆಯ ಮೇಲೆ ಕೈಯಿಟ್ಟು ನೀರು ಇಷ್ಟು ಎಂದು ತೋರಿಸಿ, ಯಾವ ಗೆರೆಯಲ್ಲಿ ಬರಬೇಕು ಎಂದು ಕೊಂಬೆ ನೆಟ್ಟು ನಿಂತರು.

ನಾನು ಆ ಕೊಂಬೆಯನ್ನೇ ನೋಡುತ್ತ, ಗೇರು ಬದಲಿಸದೆ, ನಿಲ್ಲಿಸದೆ, ಅವಸರವನ್ನೂ ಮಾಡದೆ ದಾಟಿದೆ. ನೀರು ಬಾಗಿಲ ಸಂದಿಯಿಂದ ಒಳಗೆ ಬಂದು ನಮ್ಮ ಪಾದ ತೋಯಿಸಿತು. ಗಾಡಿ ಹೊಳೆ ದಾಟಿತು. ಆದರೆ ದಡ ಹತ್ತುವಾಗ ಒಂದು ಮುಂದಿನ ಚಕ್ರ ಗಾಳಿಗೆದ್ದಿತು, ಎದುರು ಮೂಲೆಯ ಹಿಂದಿನ ಚಕ್ರ ಕೆಸರಿನಲ್ಲಿ ಗಿರಗಿರ ತಿರುಗಿತು. ಆಕ್ಸಿಲರೇಟರ್ ಒತ್ತಿದಷ್ಟೂ ಅದು ಗುಂಡಿ ತೋಡಿಕೊಂಡು ಇಳಿಯಿತು. ಇಂಥ ಕಡೆ ನಾನು ಯಾವಾಗಲೂ ಎತ್ತು ತರಿಸುತ್ತಿದ್ದೆ. ಇಲ್ಲಿ ಎತ್ತು ಎಲ್ಲಿಂದ ಬರಬೇಕು? ಎರಡು ಗಂಟೆಯಲ್ಲಿ ಮುಕ್ಕಾಲು ಪಾಲು ಆಗಲೇ ಮುಗಿದಿತ್ತು. ನನ್ನ ಕಣ್ಣಿಗೆ ನೀರು ಬಂತು.

“ಒತ್ತಬೇಡ,” ಎಂದರು ಸಾಹೇಬರು. ಬಗ್ಗಿ, ಹಿಂದಿನ ಚಕ್ರದ ಸದ್ದಿಗೆ ಕಿವಿ ಕೊಟ್ಟಿದ್ದರು. “ಕೆಸರಲ್ಲಿರೋ ಚಕ್ರ ಬಲವನ್ನೆಲ್ಲ ತಿಂತಾ ಇದೆ. ಅದನ್ನ ಸ್ವಲ್ಪ ಹಿಡಿದರೆ... ಗಟ್ಟಿ ನೆಲದಲ್ಲಿರೋ ಚಕ್ರಕ್ಕೆ ಬಲ ಹೋಗುತ್ತೆ. ಹ್ಯಾಂಡ್ ಬ್ರೇಕ್. ಪೂರ್ತಿ ಅಲ್ಲ, ಅರ್ಧ.”

“ನನಗೆ ಎರಡೂ ಕೈ ಸ್ಟೀರಿಂಗಿಗೆ ಬೇಕು, ಸಾಹೇಬ್ರೇ.”

“ಬ್ರೇಕ್ ನನ್ನ ಕೆಲಸ,” ಎಂದು ಅವರು ನಮ್ಮಿಬ್ಬರ ನಡುವಿದ್ದ ಹ್ಯಾಂಡ್ ಬ್ರೇಕಿನ ಮೇಲೆ ಬಲಗೈ ಇಟ್ಟರು. ಅದರ ತುದಿಯ ಗುಂಡಿ ಒತ್ತಿ ಹಿಡಿದು ಒಂದಿಷ್ಟು ಎಳೆದರು, ಒಂದಿಷ್ಟು ಬಿಟ್ಟರು, ಮತ್ತೆ ಎಳೆದರು. “ಈಗ ಮೆತ್ತಗೆ.” ನಾನು ಮೆತ್ತಗೆ ಒತ್ತಿದೆ. ಚಕ್ರದ ಕಿರುಚಾಟ ಇಳಿದು ಗೊರಗೊರ ಆಯಿತು. ಗಾಡಿ ಒಂದು ಗೇಣು ಮುಂದೆ ಬಂತು, ಮತ್ತೆ ಹಿಂದಕ್ಕೆ ಕೂತಿತು. “ಬಿಡಬೇಡ, ಬಿಡಬೇಡ,” ಎಂದರು. ಅವರ ತುಟಿ ನೀಲಿಯಾಗಿತ್ತು. ಕೈ ಮಾತ್ರ ಬಿಗಿಯುವುದು, ಸಡಿಲಿಸುವುದು, ಬಿಗಿಯುವುದು ಮಾಡುತ್ತಲೇ ಇತ್ತು. ಇದ್ದಕ್ಕಿದ್ದಂತೆ ಗಾಳಿಯಲ್ಲಿದ್ದ ಮುಂದಿನ ಚಕ್ರ ನೆಲಕ್ಕೆ ಬಡಿಯಿತು, ಗಾಡಿ ದಡದ ಮೇಲೆ ಬಂದು ನಿಂತಿತು. ಜುಲೇಖಾಬಿ ತೊಟ್ಟಿಕ್ಕುವ ಸೀರೆಯಲ್ಲೇ ಓಡಿ ಬಂದು ಹಿಂದೆ ಹತ್ತಿ, ಮತ್ತೆ ಅವರ ತಲೆ ಹಿಡಿದುಕೊಂಡರು.

ಆಸ್ಪತ್ರೆಯಲ್ಲಿ ನರ್ಸು ನಮ್ಮನ್ನು ನೋಡಿ ಬೈಯಲು ಬಾಯಿ ತೆರೆದವಳು ಸುಮ್ಮನೆ ಗಾಲಿ ಕುರ್ಚಿ ತಂದಳು. ಮೆಷಿನ್ನು ತಿರುಗತೊಡಗಿ ಒಂದು ಗಂಟೆಯ ಮೇಲೆ ಸಾಹೇಬರ ಉಸಿರು ಹದಕ್ಕೆ ಬಂತು. ನಾನೂ ಜುಲೇಖಾಬಿಯೂ ಹೊರಗಿನ ಬೆಂಚಿನ ಮೇಲೆ ಒದ್ದೆ ಬಟ್ಟೆಯಲ್ಲಿ ಕೂತು, ನೆನೆದುಹೋದ ಬುತ್ತಿಯ ರೊಟ್ಟಿಯನ್ನು ಹಂಚಿಕೊಂಡು ತಿಂದೆವು. “ನನಗೆ ನೀರು ಅಂದರೆ ಮೊದಲಿಂದಲೂ ಭಯ, ಪದ್ದಕ್ಕ,” ಎಂದರು ಅವರು. ಆಮೇಲೆ ಬಹಳ ಹೊತ್ತು ಅತ್ತರು.

ಸಾಹೇಬರು ಅದಾದ ಮೇಲೆ ಎರಡು ವರ್ಷ ಬದುಕಿದ್ದರು. ಅವರು ಹೋದ ಮೇಲೂ ನನ್ನ ಗಾಡಿ ಮಂಗಳವಾರ, ಶನಿವಾರ ನಿಂತಿಲ್ಲ. ಈಗ ಬೇರೆ ಮೂವರು ರೋಗಿಗಳಿದ್ದಾರೆ, ಶನಿವಾರ ಗಾಡಿ ಓಡಿಸುವ ಸರದಿ ಜುಲೇಖಾಬಿಯದು. ಅವರು ಸ್ಟೀರಿಂಗ್ ಹಿಡಿದದ್ದು ಹೇಗೆ ಎಂದು ಜನ ಕೇಳುತ್ತಾರೆ. ಅದನ್ನು ಹೇಳಿ ಮುಗಿಸುತ್ತೇನೆ.

ಆ ವರ್ಷದ ಮಳೆ ನಿಂತ ಮೇಲೆ ಒಂದು ಶುಕ್ರವಾರ, ನಮಾಜು ಮುಗಿಸಿಕೊಂಡು, ಸಾಹೇಬರು ಹೆಂಡತಿಯನ್ನು ಕರೆದುಕೊಂಡು ಗಿರಣಿಗೆ ಬಂದರು. ಅವತ್ತು ಆಸ್ಪತ್ರೆಯ ದಿನವಲ್ಲ. “ಒಂದು ಮಾತು ಕೇಳಬೇಕಿತ್ತಮ್ಮ,” ಎಂದರು. “ಇಷ್ಟು ವರ್ಷ ಬೇರೆಯವರ ಗಾಡಿಯ ಬ್ರೇಕು ನೋಡಿದೆ. ನನ್ನದು ಅಂತ ಒಂದು ಸೈಕಲ್ ಬಿಟ್ಟರೆ ಏನೂ ಇರಲಿಲ್ಲ. ರಸ್ತೆ ಇಲ್ಲದ ಕಡೆ ನಾನು ಒಂದು ಸಲವೂ ಓಡಿಸಿಲ್ಲ.”

ಆ ಗಾಡಿಯ ಸ್ಟೀರಿಂಗನ್ನು ನಾನು ಯಾರಿಗೂ ಕೊಟ್ಟವಳಲ್ಲ. ಅವತ್ತು ಕೊಟ್ಟೆ. ಹುಲ್ಲುಗಾವಲಿಗೆ ಕರೆದುಕೊಂಡು ಹೋಗಿ ಸೀಟು ಬಿಟ್ಟು ಇಳಿದೆ. ಸಾಹೇಬರು ಕೂತರು, ಕನ್ನಡಿ ಸರಿಮಾಡಿಕೊಂಡರು, ಗೇರು ಹಾಕಿದರು. ಆದರೆ ಕ್ಲಚ್ ಬಿಡದೆ ಎಡಕ್ಕೂ ಬಲಕ್ಕೂ ನೋಡಿದರು. ಮುಂದೆ ಕಣ್ಣು ಹಾಯುವವರೆಗೆ ಹುಲ್ಲು.

“ಏನಾಯ್ತು, ಸಾಹೇಬ್ರೇ?”

“ಗಾಡೀನ ಎಡಗಡೆ ಇಟ್ಕೋಬೇಕು. ಇಲ್ಲಿ ಎಡ ಎಲ್ಲಿದೆ?”

“ನೀವು ಎಲ್ಲಿದೆ ಅಂತೀರೋ ಅಲ್ಲಿ.”

ಸಾಹೇಬರು ಕನ್ನಡಿಯತ್ತ ನೋಡಿದರು. ಹಿಂದೆ ಕೂತಿದ್ದ ಹೆಂಡತಿಗೆ, “ಮುಂದೆ ಬಾ,” ಎಂದರು. ಜುಲೇಖಾಬಿ ಬಂದು ಪಕ್ಕದಲ್ಲಿ ಕೂತರು. ನನಗೆ ಹತ್ತು ಎಂದು ಅವರು ಹೇಳಲಿಲ್ಲ, ನಾನೂ ಹತ್ತಲಿಲ್ಲ. ಗಾಡಿ ಮೆಲ್ಲಗೆ ಹೊರಟಿತು, ಒಂದು ದೊಡ್ಡ ಸುತ್ತು ಹಾಕಿತು, ಇನ್ನೊಂದು ಹಾಕಿತು, ಆಮೇಲೆ ದಿಬ್ಬ ಹತ್ತಿ ಆಚೆ ಇಳಿದು ಕಾಣದಾಯಿತು. ಹುಲ್ಲಿನಲ್ಲಿ ನಾನೊಬ್ಬಳೇ. ಇಂಜಿನ್ನಿನ ಸದ್ದು ಸ್ವಲ್ಪ ಹೊತ್ತು ಕೇಳಿಸಿತು, ಆಮೇಲೆ ನಿಂತಿತು. ಇನ್ನೇನು ದಿಬ್ಬದ ಕಡೆ ಓಡಬೇಕು, ಅಷ್ಟರಲ್ಲಿ ಸದ್ದು ಮತ್ತೆ ಬಂತು. ಈ ಸಲ ಬೇರೆ ಥರ, ಕೆಮ್ಮಿ ಕೆಮ್ಮಿ, ಆರಿ ಮತ್ತೆ ಹೊತ್ತಿ. ಗಾಡಿ ಕುಪ್ಪಳಿಸುತ್ತ ದಿಬ್ಬದ ಮೇಲೆ ಬಂತು. ಸ್ಟೀರಿಂಗಿನಲ್ಲಿ ಜುಲೇಖಾಬಿ ಇದ್ದರು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಗದ್ದ ಸ್ಟೀರಿಂಗಿಗೆ ತಾಗುವಷ್ಟು ಮುಂದಕ್ಕೆ ಬಾಗಿ, ಹೆಬ್ಬೆರಳು ಎರಡೂ ಹೊರಗಿಟ್ಟು, ಕಣ್ಣು ಮಿಟುಕಿಸದೆ. ಪಕ್ಕದಲ್ಲಿ ಸಾಹೇಬರು ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು, ಒಂದು ಮಾತೂ ಆಡದೆ, ಗಾಳಿಗೆ ಮುಖ ಕೊಟ್ಟು ಕೂತಿದ್ದರು.

ಜುಲೇಖಾಬಿ ನನ್ನ ಕಡೆಗೇ ಬಂದರು, ನಾನು ಕೈ ಎತ್ತಿದೆ, ಅವರೂ ಕೈ ಎತ್ತಿದರು, ಹಾಗೇ ನನ್ನನ್ನು ದಾಟಿ ಹುಲ್ಲಿನ ಮೇಲೆ ಮುಂದಕ್ಕೆ ಹೋದರು. ನಿಲ್ಲಿಸುವುದು ಹೇಗೆ ಎಂದು ಸಾಹೇಬರು ಇನ್ನೂ ಹೇಳಿಕೊಟ್ಟಿರಲಿಲ್ಲ.